ಭೋಪಾಲ್‌ನ ‘ರಿಮೆಂಬರ್ ಭೋಪಾಲ್’ ಮ್ಯೂಸಿಯಂ: ಹೋದರೆ ರಿಸೀವರ್ ಎತ್ತಿ ಕೇಳಿ

ಭೋಪಾಲ್‌ಗೆ ಹೋದವರು ದೊಡ್ಡ ಕೆರೆ ನೋಡುತ್ತಾರೆ, ಒಂದು ಕಾರು ಮಾಡಿಕೊಂಡು ಸಾಂಚಿಗೂ ಭೀಮಬೆಟ್ಕಾಕ್ಕೂ ಹೋಗಿ ಬರುತ್ತಾರೆ. ನೋಡಬೇಕಾದ ಜಾಗಗಳೇ ಅವು. ಆದರೆ ಅದೇ ಊರಿನ ಕರೋಂದ್ ಕಡೆ, ಬೆರಸಿಯಾ ರೋಡಿನ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ಇನ್ನೊಂದು ಜಾಗ ಇದೆ. ಒಂದು ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. 1984ರ ಗ್ಯಾಸ್ ದುರಂತದಲ್ಲಿ ಬದುಕಿ ಉಳಿದವರು ಕಟ್ಟಿಕೊಂಡ ಮ್ಯೂಸಿಯಂ ಅದು. ಹೆಸರು ‘ರಿಮೆಂಬರ್ ಭೋಪಾಲ್’. ನನ್ನ ಮಟ್ಟಿಗೆ ಭೋಪಾಲ್‌ನಲ್ಲಿ ಮೊದಲು ನೋಡಬೇಕಾದದ್ದು ಅದೇ.

ನಾನು ಉಜಿರೆ ಕಡೆಯವನು. ಮೈಕ್ ಸೆಟ್ ಮತ್ತು ಲೈಟಿಂಗ್ಸ್ ನನ್ನ ಕೆಲಸ. ಮದುವೆ, ಯಕ್ಷಗಾನ, ಕೋಲ, ಬ್ರಹ್ಮಕಲಶ, ಚುನಾವಣೆ ಭಾಷಣ, ಎಲ್ಲದಕ್ಕೂ ಬಾಕ್ಸ್ ಕಟ್ಟಿದ್ದೇನೆ. ತಂಗಿಯ ಗಂಡ ಬಿಎಚ್‌ಇಎಲ್‌ನಲ್ಲಿ ಕೆಲಸ ಮಾಡುವುದರಿಂದ ಅವರ ಮನೆ ಭೋಪಾಲ್‌ನಲ್ಲೇ. ಅವರ ಮಗಳ ಕಾರ್ಯಕ್ರಮಕ್ಕೆ ಅಂತ ಹೋಗಿದ್ದೆ. ಹಾಗಾಗಿ ಈ ರಿವ್ಯೂ ಜಾಸ್ತಿ ಧ್ವನಿಯ ಬಗ್ಗೆಯೇ ಇರುತ್ತದೆ. ಮನುಷ್ಯರ ಮಾತು ಹೇಗೆ ಕೇಳಿಸಬೇಕು ಅನ್ನುವುದೇ ನನ್ನ ಇಷ್ಟು ವರ್ಷದ ಕೆಲಸ.

ಮೊದಲು ಆ ರಾತ್ರಿಯ ಬಗ್ಗೆ ಸ್ವಲ್ಪ ಹೇಳಬೇಕು. ಈಗಿನ ಹುಡುಗರಿಗೆ ಇದು ಬರೀ ಜನರಲ್ ನಾಲೆಜ್ ಪ್ರಶ್ನೆ ಆಗಿದೆ. 1984ರ ಡಿಸೆಂಬರ್ 2ರ ರಾತ್ರಿ, 3ರ ಬೆಳಗಿನ ಜಾವ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಸೆವಿನ್ ಎಂಬ ಕೀಟನಾಶಕ ಮಾಡುತ್ತಿದ್ದರು. ಅದಕ್ಕೆ ಬೇಕಾದ ಮೀಥೈಲ್ ಐಸೊಸಯನೇಟ್ ಅನ್ನುವ ರಾಸಾಯನಿಕ 610 ನಂಬರಿನ ಟ್ಯಾಂಕಿನಲ್ಲಿತ್ತು. ಆ ಟ್ಯಾಂಕಿಗೆ ನೀರು ಸೇರಿತು. ಒಳಗೆ ಕುದಿಯಿತು. ಅದನ್ನು ತಣ್ಣಗೆ ಇಡಬೇಕಾದ ಕೂಲಿಂಗ್ ವ್ಯವಸ್ಥೆಯನ್ನು ಮೊದಲೇ ಬಂದ್ ಮಾಡಿದ್ದರು. ಹೊರಬಂದ ಗ್ಯಾಸನ್ನು ಸುಡಬೇಕಾದ ಗೋಪುರ ಕೆಲಸ ಮಾಡುತ್ತಿರಲಿಲ್ಲ. ಸುಮಾರು 40 ಟನ್ ವಿಷ ಮಲಗಿದ್ದ ಊರಿನ ಮೇಲೆ ಇಳಿಯಿತು. 5 ಲಕ್ಷಕ್ಕಿಂತ ಹೆಚ್ಚು ಜನ ಅದನ್ನು ಉಸಿರಾಡಿದರು. ಸರ್ಕಾರ ಮೊದಲು ಕೊಟ್ಟ ಸಾವಿನ ಲೆಕ್ಕ 2,259. ಆಮೇಲೆ 3,787 ಅಂದರು. ಬದುಕುಳಿದವರ ಸಂಘಟನೆಗಳು ಹೇಳುವ ಲೆಕ್ಕ ಇದರ ಎಷ್ಟೋ ಪಟ್ಟು ಜಾಸ್ತಿ.

ಲೆಕ್ಕವೇ ಹೀಗೆ ಗೊಂದಲದಲ್ಲಿದ್ದರೆ ಸತ್ತವರ ಹೆಸರನ್ನು ಎಲ್ಲಿ ಅಂತ ಕೆತ್ತುವುದು? ಅದಕ್ಕೇ ಇರಬೇಕು, ಈ ಮ್ಯೂಸಿಯಂನವರು ಕಲ್ಲಿನ ದಾರಿ ಹಿಡಿಯಲಿಲ್ಲ. ಜನರ ಮಾತನ್ನೇ ಹಿಡಿದಿಟ್ಟರು.

ಒಳಗಿನ ಕ್ರಮ ಸರಳ. ಗೋಡೆಯ ಮೇಲೆ ಫೋಟೋಗಳು, ಮನೆಯವರು ತಂದುಕೊಟ್ಟ ವಸ್ತುಗಳು. ಅವುಗಳ ಪಕ್ಕದಲ್ಲಿ ಟೆಲಿಫೋನ್ ರಿಸೀವರ್. ನೀವು ರಿಸೀವರ್ ಎತ್ತಿ ಕಿವಿಗೆ ಹಿಡಿಯಬೇಕು. ಆ ಕಡೆಯಿಂದ ಒಬ್ಬರು ಮಾತಾಡುತ್ತಾರೆ. ಬದುಕಿ ಉಳಿದವರು, ಮಕ್ಕಳನ್ನು ಕಳೆದುಕೊಂಡವರು, ಅವತ್ತು ರಾತ್ರಿ ಕೆಲಸದಲ್ಲಿದ್ದವರು. ಅವರದೇ ಹಿಂದಿ, ಅವರದೇ ಧಾಟಿ.

ಸ್ಪೀಕರ್ ಹಾಕಬಹುದಿತ್ತಲ್ಲ ಅಂತ ಮೊದಲು ಅನ್ನಿಸಿತು. ಎರಡು ಚಿಕ್ಕ ಬಾಕ್ಸ್ ಇಟ್ಟರೆ ಒಂದೇ ಸಲಕ್ಕೆ ಹತ್ತು ಜನ ಕೇಳಬಹುದು. ಖರ್ಚೂ ಕಡಿಮೆ. ಮೊದಲ ರಿಸೀವರ್ ಎತ್ತಿದ ಮೇಲೆ ಅದು ಯಾಕೆ ಬೇಡ ಅಂತ ಗೊತ್ತಾಯಿತು. ಸ್ಪೀಕರಿನಲ್ಲಿ ಬಂದ ದನಿ ಎಲ್ಲರಿಗೂ ಹೇಳಿದ್ದು. ನಿಂತುಕೊಂಡು ಕೇಳಬಹುದು, ಪಕ್ಕದವರ ಹತ್ತಿರ ಮಾತಾಡುತ್ತಲೂ ಕೇಳಬಹುದು, ಅರ್ಧಕ್ಕೆ ಹೊರಗೆ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ರಿಸೀವರಿನಲ್ಲಿ ಬಂದದ್ದು ನನಗೊಬ್ಬನಿಗೇ ಹೇಳಿದ್ದು. ಕೈ ಮೇಲಕ್ಕೆ ಎತ್ತಿ ಹಿಡಿದಿರಬೇಕು. ಇನ್ನೊಂದು ಕಿವಿಯನ್ನು ತಾನಾಗಿಯೇ ಮುಚ್ಚಿಕೊಳ್ಳುತ್ತೇವೆ. ಅರ್ಧಕ್ಕೆ ಕೆಳಗಿಡಬೇಕು ಅಂದರೆ ಮಾತಾಡುತ್ತಿರುವವರ ಎದುರಿಗೇ ಫೋನ್ ಇಟ್ಟ ಹಾಗೆ ಆಗುತ್ತದೆ. ನನ್ನ ಬಲ ಕಿವಿ ಜನರೇಟರ್ ಪಕ್ಕ ನಿಂತು ನಿಂತು ಸ್ವಲ್ಪ ಮಂದ. ಎಡಗಿವಿಗೆ ಹಿಡಿದುಕೊಂಡು, ಗೋಡೆಗೆ ಭುಜ ಒರಗಿಸಿ ಕೇಳಿದೆ. ಒಂದನ್ನೂ ಅರ್ಧಕ್ಕೆ ಇಡಲು ಮನಸ್ಸು ಬರಲಿಲ್ಲ.

ಆ ರಾತ್ರಿಯ ಬಗ್ಗೆ ಹೆಚ್ಚಿನವರು ಹೇಳುವ ಮೊದಲ ಮಾತು ಒಂದೇ. ಯಾರೋ ಒಣಮೆಣಸು ಸುಡುತ್ತಿದ್ದಾರೆ ಅಂದುಕೊಂಡೆವು. ಚಳಿಗಾಲ, ರಜಾಯಿ ಹೊದ್ದು ಮಲಗಿದ್ದರು. ಕೆಮ್ಮುತ್ತಾ ಎದ್ದರು. ಕಣ್ಣು ಬಿಡಲು ಆಗಲಿಲ್ಲ. ಹೊರಗೆ ಎಲ್ಲರೂ ಓಡುತ್ತಿದ್ದರು, ಇವರೂ ಓಡಿದರು. ಯಾವ ದಿಕ್ಕಿಗೆ ಓಡಬೇಕು ಅಂತ ಹೇಳುವವರಿಲ್ಲ. ಒದ್ದೆ ಬಟ್ಟೆ ಮುಖಕ್ಕೆ ಹಿಡಿಯಿರಿ ಅಂತ ಹೇಳುವವರೂ ಇಲ್ಲ. ಅಷ್ಟು ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಅನ್ನುವ ಮಾತು ಇವತ್ತಿಗೂ ಅಲ್ಲಿ ಇದೆ. ಅದು ನನ್ನ ಎದೆಗೆ ನಾಟಿತು. ಒಂದು ಊರಿಗೆ ಒಂದು ಮೈಕ್, ಒಂದು ಸರಿಯಾದ ಮಾತು. ಅದು ಇರಲಿಲ್ಲ.

ರೆಕಾರ್ಡಿಂಗ್ ಬಗ್ಗೆ ಒಂದು ಮಾತು. ಮಾತಾಡುವವರು ನಡುವೆ ಸುಮ್ಮನಾಗುತ್ತಾರೆ. ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ನಮ್ಮ ಕೆಲಸದಲ್ಲಿ ಇಂಥದ್ದನ್ನೆಲ್ಲ ಕತ್ತರಿಸುತ್ತೇವೆ. ಕಾರ್ಯಕ್ರಮದ ರೆಕಾರ್ಡಿಂಗ್ ಕೊಡುವಾಗ ಕೆಮ್ಮು, ಮೌನ, ತಡವರಿಕೆ ಎಲ್ಲ ತೆಗೆದು ನುಣುಪು ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇವೆ. ಇಲ್ಲಿ ಆ ಉಸಿರೇ ಮುಖ್ಯ. ಗ್ಯಾಸ್ ತಿಂದ ಶ್ವಾಸಕೋಶ ಎಷ್ಟು ಉದ್ದದ ವಾಕ್ಯ ಹೇಳಬಲ್ಲದು, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಯಾವ ಬೋರ್ಡಿನಲ್ಲಿ ಬರೆಯಲು ಆಗುತ್ತದೆ ಹೇಳಿ? ಮಾಡಿದವರು ಇದನ್ನು ಬೇಕೆಂದೇ ಉಳಿಸಿದ್ದಾರೋ, ತಾನಾಗಿ ಉಳಿಯಿತೋ, ನನಗಂತೂ ಅದು ಸರಿಯಾಗಿಯೇ ಕಂಡಿತು.

ಈ ಮ್ಯೂಸಿಯಂ ಶುರುವಾದದ್ದು 2014ರ ಡಿಸೆಂಬರ್‌ನಲ್ಲಿ, ದುರಂತಕ್ಕೆ 30 ವರ್ಷ ತುಂಬಿದಾಗ. ಪತ್ರಕರ್ತೆ ರಮಾ ಲಕ್ಷ್ಮಿ ಅವರು ಮ್ಯೂಸಿಯಂ ಕೆಲಸವನ್ನೇ ಓದಿ ಕಲಿತವರು. ಅವರು ಬದುಕುಳಿದವರ ಮತ್ತು ಹೋರಾಟಗಾರರ ಜೊತೆ ಸೇರಿ ಇದನ್ನು ರೂಪಿಸಿದರು. ಸರ್ಕಾರದ ದುಡ್ಡೂ ಬೇಡ, ಕಂಪನಿಗಳ ದುಡ್ಡೂ ಬೇಡ ಅನ್ನುವುದು ಅವರ ನಿಯಮ. ಜನರು ಕೊಟ್ಟ ಸಣ್ಣ ಸಣ್ಣ ದೇಣಿಗೆಯಲ್ಲಿ ನಡೆಯಬೇಕು. ಹಾಗಾಗಿ ಎಸಿ ಹಾಲ್, ದೊಡ್ಡ ಸ್ಕ್ರೀನ್, ಲೇಸರ್ ಶೋ ಇಲ್ಲಿ ಹುಡುಕಬೇಡಿ. ಮನೆಯ ಕೋಣೆಗಳು, ಅಷ್ಟೇ. ಆದರೆ ಅದರಿಂದ ಒಂದು ಒಳ್ಳೆಯದಾಗಿದೆ. ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ತಪ್ಪು ಯಾರದು ಅಂತ ನೇರವಾಗಿ ಹೇಳಿದ್ದಾರೆ.

ಮಗುವಿನ ಬಟ್ಟೆಯ ಎದುರು ನಾನು ತುಂಬ ಹೊತ್ತು ನಿಂತೆ. ಮನೆಯವರು ಇಷ್ಟು ವರ್ಷ ಟ್ರಂಕಿನಲ್ಲಿಟ್ಟು ಕಾಪಾಡಿದ್ದನ್ನು ತಂದುಕೊಟ್ಟಿದ್ದಾರೆ. ಹೀಗೆ ಕೊಡುವುದು ಸುಲಭ ಅಲ್ಲ ಮಾರಾಯ್ರೆ. ನಮ್ಮ ಮನೆಗಳಲ್ಲೂ ತೀರಿಹೋದ ಮಗುವಿನ ಅಂಗಿಯನ್ನು ತಾಯಿ ಯಾರಿಗೂ ತೋರಿಸದೆ ಇಟ್ಟುಕೊಂಡಿರುತ್ತಾಳೆ. ಅದನ್ನು ಕೊಡಬೇಕಾದರೆ ಪಡೆಯುವವರ ಮೇಲೆ ಎಷ್ಟು ನಂಬಿಕೆ ಇರಬೇಕು. ಜಿಲ್ಲಾಧಿಕಾರಿ ಕಚೇರಿಯಿಂದ ಪತ್ರ ಬಂದರೆ ಕೊಡುತ್ತಾರಾ? ತಮ್ಮ ಜೊತೆ ಧರಣಿ ಕೂತವರು, ಅದೇ ಗಲ್ಲಿಯವರು, ಮನೆಗೆ ಬಂದು ಚಾ ಕುಡಿದು ಕೇಳಿದರೆ ಕೊಡುತ್ತಾರೆ.

ಇನ್ನೊಂದು ನನಗೆ ಇಷ್ಟವಾದದ್ದು, ಕತೆ ಆ ರಾತ್ರಿಗೇ ನಿಲ್ಲುವುದಿಲ್ಲ. ಆಮೇಲಿನ ಹೋರಾಟವೂ ಇದೆ. 1989ರಲ್ಲಿ ಕಂಪನಿ ಮತ್ತು ಸರ್ಕಾರದ ನಡುವೆ 47 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದ ಆಯಿತು. ಗಾಯಗೊಂಡವರಲ್ಲಿ ಹೆಚ್ಚಿನವರ ಕೈಗೆ ಬಂದದ್ದು 25 ಸಾವಿರ ರೂಪಾಯಿ. ಜೀವನಪೂರ್ತಿ ಕೆಮ್ಮುವುದಕ್ಕೆ 25 ಸಾವಿರ. 2010ರಲ್ಲಿ ಏಳು ಜನ ಭಾರತೀಯ ಅಧಿಕಾರಿಗಳಿಗೆ ತಲಾ ಎರಡು ವರ್ಷ ಶಿಕ್ಷೆ ಅಂತ ತೀರ್ಪು ಬಂತು. ಕಂಪನಿಯ ಆಗಿನ ಅಧ್ಯಕ್ಷ ವಾರನ್ ಆಂಡರ್ಸನ್ ದುರಂತ ಆದ ಕೆಲವೇ ದಿನಗಳಲ್ಲಿ ಬಂಧನವಾಗಿ, ಜಾಮೀನು ಪಡೆದು ಅಮೆರಿಕಕ್ಕೆ ಹೋದವರು ಮತ್ತೆ ವಿಚಾರಣೆಗೆ ಬರಲೇ ಇಲ್ಲ. 2014ರಲ್ಲಿ ಅಲ್ಲೇ ತೀರಿಕೊಂಡರು. ಹೆಚ್ಚಿನ ಪರಿಹಾರ ಕೇಳಿದ ಅರ್ಜಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕಾರ್ಖಾನೆಯೊಳಗೆ ಬಿದ್ದಿದ್ದ 337 ಟನ್ ವಿಷದ ಕಸವನ್ನು 2025ರ ಜನವರಿಯಲ್ಲಿ ಅದೇ ರಾಜ್ಯದ ಪೀಥಂಪುರಕ್ಕೆ ಸಾಗಿಸಿ, ಆಮೇಲಿನ ತಿಂಗಳುಗಳಲ್ಲಿ ಸುಟ್ಟರು. ದುರಂತ ಆಗಿ 40 ವರ್ಷದ ಮೇಲೆ. ಮಣ್ಣಿಗೆ, ಅಂತರ್ಜಲಕ್ಕೆ ಇಳಿದ ವಿಷ ಇನ್ನೂ ಅಲ್ಲೇ ಇದೆ.

ಇಷ್ಟೆಲ್ಲ ಆದ ಮೇಲೆ ಗಾಯ ಮಾಯುವುದು ಹೇಗೆ? ಮ್ಯೂಸಿಯಂ ನೋಡುವಾಗ ಇದೇ ಪ್ರಶ್ನೆ ನನ್ನ ತಲೆಯಲ್ಲಿತ್ತು. ಹೂ ಹಾಕಿ, ಎರಡು ನಿಮಿಷ ಮೌನ ಮಾಡಿದರೆ ಮಾಯುತ್ತದಾ? ಅಲ್ಲಿನ ಹೆಂಗಸರ ಘೋಷಣೆಯೊಂದಿದೆ: ‘ಹಮ್ ಭೋಪಾಲ್ ಕೀ ನಾರೀ ಹೈಂ, ಫೂಲ್ ನಹೀಂ ಚಿಂಗಾರೀ ಹೈಂ.’ ನಾವು ಭೋಪಾಲಿನ ಹೆಂಗಸರು, ಹೂವಲ್ಲ, ಕಿಡಿ. ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಅನ್ನುವ ಇಬ್ಬರು, ಒಬ್ಬರು ಮುಸ್ಲಿಂ, ಒಬ್ಬರು ಹಿಂದೂ. ಇಬ್ಬರೂ ಮನೆಯವರನ್ನು ಕಳೆದುಕೊಂಡವರು. ಕಾಗದದ ಸಾಮಾನು ಮಾಡುವ ಕಡೆ ಕೆಲಸಕ್ಕೆ ಸೇರಿ ಪರಿಚಯವಾದವರು. ಇತರ ಹೆಂಗಸರನ್ನು ಸೇರಿಸಿಕೊಂಡು ದೆಹಲಿಗೆ ನಡೆದುಕೊಂಡೇ ಹೋದರು. ಕಾರ್ಬೈಡ್ ಅನ್ನು ಕೊಂಡುಕೊಂಡ ಡೌ ಕಂಪನಿಯ ವಿರುದ್ಧ ಪೊರಕೆ ಹಿಡಿದು ಹೋರಾಡಿದರು. 2004ರಲ್ಲಿ ಇಬ್ಬರಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ಹಣವನ್ನು ಹಾಕಿ ಚಿಂಗಾರಿ ಟ್ರಸ್ಟ್ ಕಟ್ಟಿದರು. ಗ್ಯಾಸ್ ಮತ್ತು ಕೆಟ್ಟ ನೀರಿನಿಂದ ಬಳಲಿದ ಕುಟುಂಬಗಳ ಅಂಗವಿಕಲ ಮಕ್ಕಳಿಗೆ ಅಲ್ಲಿ ಉಚಿತವಾಗಿ ಫಿಸಿಯೋಥೆರಪಿ, ಮಾತು ಕಲಿಸುವ ಚಿಕಿತ್ಸೆ ನಡೆಯುತ್ತದೆ. ನನ್ನ ಪ್ರಕಾರ ಭೋಪಾಲ್‌ನ ಗಾಯ ಎಲ್ಲಾದರೂ ಸ್ವಲ್ಪ ಮಾಯ್ದಿದ್ದರೆ ಅದು ಹೀಗೆ. ನೊಂದವರು ತಾವೇ ಮಾತಾಡಿದರು, ತಾವೇ ಕಟ್ಟಿದರು. ಮ್ಯೂಸಿಯಂ ಆ ಕೆಲಸದ್ದೇ ಒಂದು ಭಾಗ. ಅದಕ್ಕೇ ಅಲ್ಲಿಂದ ಹೊರಗೆ ಬರುವಾಗ ಎದೆ ಭಾರ ಇರುತ್ತದೆ, ಆದರೆ ಕೈಕಾಲು ಸೋತ ಹಾಗೆ ಆಗುವುದಿಲ್ಲ.

ಸರ್ಕಾರವೂ ಒಂದು ಸ್ಮಾರಕ ಮಾಡಲು ಹೊರಟಿತ್ತು. ಕಾರ್ಖಾನೆಯ ಜಾಗದಲ್ಲಿ. 2005ರಲ್ಲಿ ಸ್ಪರ್ಧೆ ಇಟ್ಟು ದೆಹಲಿಯ ‘ಸ್ಪೇಸ್ ಮ್ಯಾಟರ್ಸ್’ ಅನ್ನುವ ಆರ್ಕಿಟೆಕ್ಟ್‌ಗಳ ವಿನ್ಯಾಸವನ್ನು ಆರಿಸಿದರು. ಮೊದಲು ವಿಷ ತೆಗೆಯಿರಿ, ಆಮೇಲೆ ಸ್ಮಾರಕ ಅಂದರು ಜನ. ನ್ಯಾಯವಾದ ಮಾತೇ. ಹುಣ್ಣನ್ನು ತೊಳೆಯದೆ ಮೇಲೆ ಬ್ಯಾಂಡೇಜ್ ಸುತ್ತಿದರೆ ಯಾರು ಒಪ್ಪುತ್ತಾರೆ? ಅದು ಇನ್ನೂ ಎದ್ದಿಲ್ಲ.

ಮ್ಯೂಸಿಯಂ ನೋಡಿದವರು ಜೆ.ಪಿ. ನಗರಕ್ಕೂ ಹೋಗಿ. ಕಾರ್ಖಾನೆಯ ಎದುರಿಗೇ ಇರುವ ಬಡಾವಣೆ ಅದು. ಮೊದಲ ಏಟು ತಿಂದದ್ದು ಅದೇ. ರಸ್ತೆ ಬದಿಯಲ್ಲಿ ಒಂದು ತಾಯಿಯ ವಿಗ್ರಹ ಇದೆ. ಕಂಕುಳಲ್ಲಿ ಮಗು, ಸೆರಗು ಹಿಡಿದ ಇನ್ನೊಂದು ಮಗು. ಹಾಲೆಂಡಿನ ಕಲಾವಿದೆ ರೂತ್ ವಾಟರ್‌ಮನ್ 1985ರಲ್ಲೇ ಮಾಡಿದ್ದು. ಹಿಟ್ಲರನ ಕಾಲದಲ್ಲಿ ತನ್ನ ತಂದೆತಾಯಿಯನ್ನು ಕಳೆದುಕೊಂಡವರು ಆಕೆ. ಹಿರೋಷಿಮಾ ಬೇಡ, ಭೋಪಾಲ್ ಬೇಡ, ನಾವು ಬದುಕಬೇಕು ಅನ್ನುವ ಮಾತು ಅಲ್ಲಿ ಇದೆ. ಎದುರಿನ ಕಾರ್ಖಾನೆಯ ಗೋಡೆ ಮೇಲೆ ಜನ ಬರೆದ ಬರಹಗಳು, ಆಂಡರ್ಸನ್‌ನನ್ನು ಗಲ್ಲಿಗೇರಿಸಿ ಅನ್ನುವವು, ವರ್ಷಗಟ್ಟಲೆ ಇದ್ದವು. ಡಿಸೆಂಬರ್ ಬಂದಾಗ ಪಂಜಿನ ಮೆರವಣಿಗೆ ನಡೆಯುತ್ತದೆ, ಪ್ರತಿಕೃತಿ ಸುಡುತ್ತಾರೆ. ಶಿಲ್ಪ, ಗೋಡೆಬರಹ, ಪಂಜು ಎಲ್ಲವೂ ಒಂದೇ ಬೀದಿಯಲ್ಲಿ. ಇದಕ್ಕೆ ಸಮುದಾಯ ಕಲೆ ಅಂತ ದೊಡ್ಡ ಹೆಸರು ಇದೆಯಂತೆ. ನಮ್ಮ ಕಡೆ ಊರಿನ ಕೋಲವನ್ನು ಊರವರೇ ಸೇರಿ ನಡೆಸುವುದು ನೋಡಿದವರಿಗೆ ಇದು ಹೊಸದೇನಲ್ಲ. ದೈವದ ಎದುರು ನಿಂತು ಊರಿನ ಅನ್ಯಾಯವನ್ನು ಗಟ್ಟಿಯಾಗಿ ಹೇಳುವ ಜನ ನಾವು.

ಸ್ಟೇಷನ್ನಿನಲ್ಲೂ ಒಂದು ಸ್ಮಾರಕ ಇದೆ. ಆ ರಾತ್ರಿ ಕರ್ತವ್ಯದಲ್ಲಿದ್ದು ಸತ್ತ ರೈಲ್ವೆ ನೌಕರರದ್ದು. ಡೆಪ್ಯುಟಿ ಸ್ಟೇಷನ್ ಸೂಪರಿಂಟೆಂಡೆಂಟ್ ಆಗಿದ್ದ ಗುಲಾಂ ದಸ್ತಗೀರ್ ಅವರ ಹೆಸರು ಅದರಲ್ಲಿಲ್ಲ. ಗೋರಖ್‌ಪುರದ ಎಕ್ಸ್‌ಪ್ರೆಸ್ ರೈಲು ನಿಂತಿದ್ದಾಗ, ಹೊರಡುವ ಸಮಯಕ್ಕೆ ಕಾಯದೆ ಅದನ್ನು ಕಳಿಸಿ ನೂರಾರು ಪ್ರಯಾಣಿಕರನ್ನು ಉಳಿಸಿದವರು ಅವರು. ಅಕ್ಕಪಕ್ಕದ ಸ್ಟೇಷನ್‌ಗಳಿಗೆ ಸುದ್ದಿ ಮುಟ್ಟಿಸಿದರು. ತಮ್ಮ ಮಗನನ್ನೇ ಕಳೆದುಕೊಂಡರು. ತಾವು ಗ್ಯಾಸಿನ ಕಾಯಿಲೆಯಲ್ಲಿ ಆಸ್ಪತ್ರೆಗೆ ಅಲೆದು 2003ರಲ್ಲಿ ತೀರಿಕೊಂಡರು. ಆ ರಾತ್ರಿಯೇ ಸಾಯಲಿಲ್ಲವಲ್ಲ, ಅದಕ್ಕೆ ಫಲಕದಲ್ಲಿ ಜಾಗ ಇಲ್ಲ. ಕಲ್ಲಿನ ಮೇಲೆ ಬರೆಯುವಾಗ ಹೀಗೆ ಗೆರೆ ಹಾಕಬೇಕಾಗುತ್ತದೆ. ಗ್ಯಾಸ್ ಆ ಗೆರೆ ನೋಡಿಕೊಂಡು ಕೊಲ್ಲಲಿಲ್ಲ.

ತಂಗಿ ನನ್ನ ಜೊತೆ ಬಂದಿದ್ದಳು. ಅಷ್ಟು ವರ್ಷ ಭೋಪಾಲ್‌ನಲ್ಲಿದ್ದರೂ ಈ ಕಡೆ ಬಂದವಳಲ್ಲ. ಬಿಎಚ್‌ಇಎಲ್ ಟೌನ್‌ಶಿಪ್ ಊರಿನ ಇನ್ನೊಂದು ಬದಿ. ಅವರ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಗ್ಯಾಸ್ ಬಿದ್ದ ಕಡೆಯವರು ಅಂತ ಅವಳಿಗೆ ಗೊತ್ತಿತ್ತು. ಯಾವತ್ತೂ ಕೇಳಿರಲಿಲ್ಲ. ಕೇಳಿದರೆ ನೋವಾಗುತ್ತದೆ ಅಂತ ಸುಮ್ಮನಿದ್ದಳು. ಮರುದಿನ ಅವರು ಬಂದಾಗ ತಂಗಿ, ‘ದೀದಿ, ನಾವು ಕರೋಂದ್ ಕಡೆ ಮ್ಯೂಸಿಯಂಗೆ ಹೋಗಿದ್ದೆವು’ ಅಂದಳು ಅಷ್ಟೇ. ಆ ಹೆಂಗಸು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತರು. ಮಧ್ಯಾಹ್ನದವರೆಗೆ ಮಾತಾಡಿದರು. ತಂಗಿಯೂ ನೆಲದ ಮೇಲೇ ಕೂತಿದ್ದಳು. ಅವರು ಏನು ಹೇಳಿದರು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರದ್ದು. ಹೋಗುವಾಗ ಒಂದು ಮಾತು ಅಂದರು: ‘ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.’ ಮ್ಯೂಸಿಯಂ ಚೆನ್ನಾಗಿದೆಯಾ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದೇ. ಅಲ್ಲಿ ಕೇಳುವುದನ್ನು ಅಭ್ಯಾಸ ಮಾಡಿದವರು ಮನೆಗೆ ಬಂದು ಕೇಳುತ್ತಾರೆ.

ಈಗ ಕೊರತೆಗಳು. ಹಿಂದಿ ಬಾರದಿದ್ದರೆ ಅರ್ಧ ಮ್ಯೂಸಿಯಂ ಕೈತಪ್ಪುತ್ತದೆ. ಮ್ಯೂಸಿಯಂನ ಜೀವ ಇರುವುದು ಆ ದನಿಗಳಲ್ಲಿ, ಅವು ಭೋಪಾಲಿ ಹಿಂದಿಯಲ್ಲಿವೆ. ನಮ್ಮ ಕಡೆಯಿಂದ ಹೋಗುವವರು ಹಿಂದಿ ಬರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ರಿಸೀವರಿನಲ್ಲಿ ಒಬ್ಬರೇ ಕೇಳಬಹುದಾದ್ದರಿಂದ ಗುಂಪಾಗಿ ಹೋದರೆ ಕಾಯಬೇಕಾಗುತ್ತದೆ. ಇಬ್ಬರು ಮೂವರು ಹೋಗುವುದು ಒಳ್ಳೆಯದು. ಕಾಲೊನಿಯೊಳಗಿನ ಮನೆ ಆದ್ದರಿಂದ ದೂರದಿಂದ ಕಣ್ಣಿಗೆ ಬೀಳುವುದಿಲ್ಲ, ಆಟೋದವರಿಗೆ ಕರೋಂದ್, ಹೌಸಿಂಗ್ ಬೋರ್ಡ್ ಕಾಲೊನಿ ಅಂತ ಹೇಳಿ. ಜನರ ದುಡ್ಡಿನಲ್ಲಿ ನಡೆಯುವ ಜಾಗ, ಹೊರಡುವ ಮೊದಲು ತೆರೆದಿದೆಯಾ ಅಂತ ಫೋನ್ ಮಾಡಿ ವಿಚಾರಿಸಿ. ತೀರಾ ಸಣ್ಣ ಮಕ್ಕಳನ್ನು ನಾನಾದರೆ ಕರೆದುಕೊಂಡು ಹೋಗುವುದಿಲ್ಲ, ಕೆಲವು ಫೋಟೋಗಳನ್ನು ಅವರು ನೋಡಬಾರದು. ಹೈಸ್ಕೂಲಿನವರು ಖಂಡಿತ ನೋಡಬೇಕು. ಹೊರಡುವಾಗ ದೇಣಿಗೆ ಕೊಡಿ.

ಇದೇ ಬೆರಸಿಯಾ ರೋಡಿನ ಕಡೆಯೇ ಸಂಭಾವನಾ ಅನ್ನುವ ಕ್ಲಿನಿಕ್ ಕೂಡ ಇದೆ. 1996ರಿಂದ ಗ್ಯಾಸ್ ಪೀಡಿತರಿಗೆ ಉಚಿತ ಚಿಕಿತ್ಸೆ ಕೊಡುತ್ತಿದ್ದಾರೆ. ಆಯುರ್ವೇದದ ಔಷಧಿಗೆ ಬೇಕಾದ ಗಿಡಗಳನ್ನು ಅಲ್ಲೇ ತೋಟದಲ್ಲಿ ಬೆಳೆಸುತ್ತಾರೆ. ಅದು ಆಸ್ಪತ್ರೆ, ಪ್ರವಾಸಿ ಜಾಗ ಅಲ್ಲ. ಸುಮ್ನೆ ನೋಡಲು ಅಂತ ನುಗ್ಗಬೇಡಿ.

ನಾನು ಇಷ್ಟು ಉದ್ದ ಬರೆಯಲು ಇನ್ನೊಂದು ಕಾರಣ ಇದೆ. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯವರಿಗೆ ಅದು ಗೊತ್ತೇ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಕಾಸರಗೋಡಿನಲ್ಲೂ ಅದೇ, ನಮ್ಮಲ್ಲೂ ಅದೇ. ಅದೂ ಕೀಟನಾಶಕವೇ. ಭೋಪಾಲ್‌ನಲ್ಲಿ ಒಂದು ರಾತ್ರಿಯಲ್ಲಿ ಬಂದದ್ದು ನಮ್ಮಲ್ಲಿ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಬಂತು. ಆಗ ಹೆಲಿಕಾಪ್ಟರ್ ನೋಡಲು ಮಕ್ಕಳು ಅಂಗಳಕ್ಕೆ ಓಡುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿತು. ಮಾಸಾಶನ ಬರುತ್ತದೆ, ಕೊಕ್ಕಡದಲ್ಲಿ ಪೀಡಿತ ಮಕ್ಕಳಿಗೆ ಪಾಲನಾ ಕೇಂದ್ರ ಇದೆ. ಕಾಸರಗೋಡಿನಲ್ಲಿ ಕಾನಾಯಿ ಕುಂಞಿರಾಮನ್ ಅವರು ತಾಯಿ ಮಗುವಿನ ದೊಡ್ಡ ಶಿಲ್ಪ ಮಾಡಿದ್ದಾರೆ. ಭೋಪಾಲಿನ ಆ ತಾಯಿಯನ್ನು ನೋಡುವಾಗ ನನಗೆ ಮೊದಲು ನೆನಪಾದದ್ದು ಅದು.

ಆದರೆ ಆ ದನಿಗಳು ಎಲ್ಲಿವೆ? ಮಲಗಿದಲ್ಲೇ ಇರುವ ಮಗನನ್ನು ಮೂವತ್ತು ವರ್ಷ ಎತ್ತಿ ಸ್ನಾನ ಮಾಡಿಸಿದ ಅಮ್ಮಂದಿರು ನಮ್ಮ ಊರಲ್ಲಿದ್ದಾರೆ. ಅವರಿಗೂ ವಯಸ್ಸಾಯಿತು. ನಾನು ಸತ್ತರೆ ಇವನನ್ನು ಯಾರು ನೋಡುತ್ತಾರೆ ಅನ್ನುವ ಒಂದೇ ಚಿಂತೆ ಅವರದ್ದು. ಪೇಪರಿನವರು ಬಂದು ಫೋಟೋ ತೆಗೆಯುತ್ತಾರೆ, ಎರಡು ಸಾಲು ಬರೆಯುತ್ತಾರೆ. ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿಯಲ್ಲಿ, ಮಲಯಾಳದಲ್ಲಿ ಅವರು ಪೂರ್ತಿ ಹೇಳಿದ್ದನ್ನು ಒಂದು ಕಡೆ ಇಟ್ಟವರನ್ನು ನಾನು ಕಂಡಿಲ್ಲ. ಮಂಗಳೂರಿನ ವಿಮಾನ ದುರಂತದ ಸ್ಮಾರಕಕ್ಕೂ ನಾನು ಹೋಗಿದ್ದೇನೆ. 2010ರ ಮೇ 22ರಂದು 158 ಜನ ಹೋದರು. ಕೂಳೂರಿನ ಹತ್ತಿರ ಹೊಳೆ ಬದಿ ಶಾಂತವಾದ ಜಾಗ. ವರ್ಷಕ್ಕೊಮ್ಮೆ ಹೂ ಹಾಕುತ್ತಾರೆ. ಹೂವೂ ಬೇಕು, ಬೇಡ ಅನ್ನುವುದಿಲ್ಲ. ಅಲ್ಲಿಗೆ ಬಂದು ನಿಲ್ಲುವ ಮನೆಯವರಿಗೆ ಅದೊಂದು ನೆಲೆ. ಆದರೆ ಬದುಕಿದ್ದವರ ಮಾತನ್ನು ಬದುಕಿದ್ದಾಗಲೇ ಹಿಡಿದಿಡಬೇಕು ಅನ್ನುವುದನ್ನು ಭೋಪಾಲಿನ ಆ ಮನೆ ನನಗೆ ಕಲಿಸಿತು.

ರೆಕಾರ್ಡರ್ ನನ್ನ ಹತ್ತಿರ ಇದೆ. ಒಳ್ಳೆಯ ಮೈಕ್ ಇದೆ, ಗಾಳಿ ಸದ್ದು ಬರದ ಹಾಗೆ ಹಾಕುವ ಸ್ಪಂಜ್ ಇದೆ. ಮಳೆಗಾಲದಲ್ಲಿ ನಮಗೆ ಕೆಲಸವೂ ಕಡಿಮೆ. ಪಾಲನಾ ಕೇಂದ್ರದ ಮಕ್ಕಳ ಮನೆಯವರಲ್ಲಿ ಕೆಲವರ ಹತ್ತಿರ ಮಾತಾಡಿದ್ದೇನೆ. ಒಬ್ಬರು ಅಮ್ಮ ಒಪ್ಪಿದ್ದಾರೆ. ಮನೆಗೇ ಬಾ, ಆದರೆ ಮಗ ಮಲಗಿದ ಮೇಲೆ ಬಾ ಅಂದಿದ್ದಾರೆ. ಇನ್ನೊಬ್ಬರು ಬೇಡ ಅಂದರು, ಅದೂ ಸರಿ. ಅವರು ಒಪ್ಪಿದ್ದಷ್ಟೇ ರೆಕಾರ್ಡ್, ಒಂದು ಪ್ರತಿ ಅವರ ಮನೆಯಲ್ಲೇ, ಅವರು ಬೇಡ ಅಂದ ದಿನ ಅಳಿಸುವುದು. ಇದು ಭೋಪಾಲಿನಿಂದ ಬಂದ ಮೇಲೆ ನಾನು ಹಾಕಿಕೊಂಡ ನಿಯಮ.

ಆ ಮೂರು ಗ್ರಾಮಗಳ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಆ ಕಾಲದ ಫೋಟೋ, ಧರಣಿಯ ಕರಪತ್ರ, ಭಾಷಣದ ಕ್ಯಾಸೆಟ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಕ್ಯಾಸೆಟ್‌ಗೆ ಬೂಸ್ಟು ಹಿಡಿದಿದ್ದರೂ ಪರವಾಗಿಲ್ಲ, ಪ್ಲೇಯರಿಗೆ ಹಾಕಿ ಓಡಿಸಿ ನೋಡಬೇಡಿ, ಟೇಪ್ ತುಂಡಾಗುತ್ತದೆ. ಹಾಗೇ ತನ್ನಿ. ಕ್ಲೀನ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ದುಡ್ಡು ಬೇಡ.